ಸೌದಾಮಿನಿ ಟೀಚರ ಕೋಶಗಳ ಪಂಕ್ತಿ

ಮುಳ್ಳೇರಿಯದ ಹತ್ತಿರದ ಒಂದು ಶಾಲೆಯಲ್ಲಿ ನಾನು ಲ್ಯಾಬ್ ಸಹಾಯಕ, ಅದೂ ದಿನಗೂಲಿಯ ಮೇಲೆ. ವಿಜ್ಞಾನಕ್ಕೆ ನಾನು ಇದುವರೆಗೆ ಮಾಡಿದ ಸೇವೆಯೆಂದರೆ ಗಾಜಿನ ಕೊಳವೆಗಳನ್ನು ತೊಳೆಯುವುದು, ತೊಳೆಯುವಾಗ ಒಡೆಯುವುದು, ಒಡೆದದ್ದಕ್ಕೆ ಮಕ್ಕಳನ್ನು ಗದರಿಸುವುದು. ಇಂಥವನು ಜೀವಶಾಸ್ತ್ರದ ಸೌದಾಮಿನಿ ಟೀಚರ ಬಗ್ಗೆ ಬರೆಯುವುದು ಅಧಿಕಪ್ರಸಂಗವೇ. ಆದರೆ ಆ ದಿನ ಅವಲಕ್ಕಿಯ ಪಾತ್ರೆ ಹೊತ್ತು ಅಂಗಳಕ್ಕೆ ಇಳಿಸಿದವನು ನಾನು. ಸಾಕ್ಷಿ ಹೇಳುವ ಹಕ್ಕು ಅಷ್ಟರಮಟ್ಟಿಗೆ ನನಗಿದೆ.

ಟೀಚರು ದೇಲಂಪಾಡಿಯವರು. ಅವರ ತಂದೆ ಗೌರೀಶಂಕರ ಭಟ್ಟರು ನೆರೆಕರೆಯ ಯಾವ ಮನೆಯಲ್ಲಿ ಊಟವಿದ್ದರೂ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು ಬಡಿಸಲು ನಿಲ್ಲುತ್ತಿದ್ದರು. ಪುಟ್ಟ ಮಗಳಿಗೆ ಉಪ್ಪಿನ ತಟ್ಟೆ. ಉಪ್ಪಿನ ಹಿಂದೆ ಉಪ್ಪಿನಕಾಯಿ, ಅದರ ಹಿಂದೆ ಕೋಸಂಬರಿ, ಪಲ್ಯ, ಅನ್ನ. ಅಲ್ಲಿ ಯಾರೂ ನಿಂತು ಅಪ್ಪಣೆ ಕೊಡುವುದಿಲ್ಲ. ಪ್ರತಿಯೊಬ್ಬನೂ ಮುಂದಿನವನ ಬೆನ್ನು ನೋಡುತ್ತಾನೆ, ತನ್ನ ಪಾತ್ರೆಯ ತಳ ನೋಡುತ್ತಾನೆ. ಎಲೆ ಹೆಚ್ಚಿದ್ದು ಪಾಯಸ ಕಡಿಮೆಯಿದ್ದರೆ ಸೌಟು ತಾನಾಗಿ ಅರ್ಧ ತುಂಬುತ್ತದೆ. ಎಲೆ ಕಡಿಮೆಯಿದ್ದರೆ ಬೇಡವೆಂದು ಕೈ ಅಡ್ಡ ಹಿಡಿದವರಿಗೂ ಬೀಳುತ್ತದೆ.

ಕಾಲೇಜಿನಲ್ಲಿ ಅವರು ಜೀವಕೋಶಗಳ ಬಗ್ಗೆ ಓದಿದ್ದು ಇಂಗ್ಲಿಷಿನಲ್ಲಿ. ಒಂದು ಕೋಶ ಎರಡಾಗಿ, ನಾಲ್ಕಾಗಿ, ರಾಶಿಯಾಗುತ್ತದೆ. ಆ ರಾಶಿಯಲ್ಲಿ ನೀನು ಕಣ್ಣಾಗು, ನೀನು ಪಾದವಾಗು ಎಂದು ಹೇಳುವವರು ಯಾರು? ಯಾರೂ ಇಲ್ಲ. ಪಕ್ಕದಿಂದ ಬರುವ ರಾಸಾಯನಿಕ ದಟ್ಟವಾಗಿದೆಯೋ ತೆಳುವಾಗಿದೆಯೋ ಎಂಬುದರಿಂದ ಕೋಶ ತಾನಿರುವ ಜಾಗವನ್ನು ಅರಿಯುತ್ತದೆ. ಜಾಗ ಅರಿತು ಕೆಲಸ ಹಿಡಿಯುತ್ತದೆ. ಎಷ್ಟು ಓದಿದರೂ ತಲೆಗೆ ಹತ್ತದ ಆ ಪುಟ, ಹಾಸ್ಟೆಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಹತ್ತಿತಂತೆ.

"ಇದು ನಮ್ಮ ಊಟದ ಪಂಕ್ತಿಯೇ ಅಲ್ವಾ ಅಂತ ನಿಂತಲ್ಲೇ ನಗು ಬಂತು" ಎಂದಿದ್ದರು ಒಮ್ಮೆ. "ಹಿಂದೆ ಇದ್ದವಳು, ಎಂತ ಹುಚ್ಚಾ ನಿಂಗೆ, ಮುಂದೆ ಹೋಗು ಅಂತ ದೂಡಿದ್ಲು."

ಕಳೆದ ವರ್ಷ ನಮ್ಮ ಸುತ್ತಿನ ಕನ್ನಡ ಮಾಧ್ಯಮದ ಅಧ್ಯಾಪಕರು ಸೇರಿ ಮಕ್ಕಳಿಗೊಂದು ಪೂರಕ ಪುಸ್ತಕ ಮಾಡಲು ಹೊರಟರು. ಈ ವಿಷಯಕ್ಕೆ ಹಳೆಯ ಅನುವಾದವೊಂದು ಸಿದ್ಧವಿತ್ತು. 'ಅಂತರಕೋಶೀಯ ಸಂಕೇತ ಪ್ರಸರಣವು' ಎಂದು ಶುರುವಾಗುವ ಅದನ್ನು ಮನೀಶ್ ಎಂಬ ಹುಡುಗ ಗಟ್ಟಿಯಾಗಿ ಓದಿ, ಕೊನೆಯಲ್ಲಿ ಕೈಮುಗಿದು ತೀರ್ಥಕ್ಕೆ ಅಂಗೈ ಚಾಚಿದ. ಟೀಚರು ಅವನನ್ನು ಬೈಯಲಿಲ್ಲ. ಮನೆಗೆ ಹೋಗಿ ಊಟದ ಪಂಕ್ತಿಯಿಂದ ಶುರುವಾಗುವ ಬೇರೆಯೇ ಪಾಠ ಬರೆದರು.

ಪುಸ್ತಕದ ಹೊಣೆ ಕಾರಡ್ಕದ ಶರತ್‌ಚಂದ್ರ ಮಾಷ್ಟ್ರದ್ದು. ಅವರು ಓದಿ ಕನ್ನಡಕ ತೆಗೆದರು. "ಚಂದ ಉಂಟು ಟೀಚರೇ. ಆದ್ರೆ ಓದಿದ ಮಕ್ಕಳಿಗೆ ಹಸಿವಾದ್ರೆ ಸಾಲದು, ವಿಷಯ ಗೊತ್ತಾಗ್ಬೇಕಲ್ಲ."

"ನೀವೇ ಬಂದು ಒಂದು ಕ್ಲಾಸು ನೋಡಿ. ಮಕ್ಕಳಿಗೆ ಗೊತ್ತಾಗದಿದ್ರೆ ಹಳತನ್ನೇ ಹಾಕಿ."

ಮಾಷ್ಟ್ರು ಒಪ್ಪಿದರು. ತರಗತಿ ಕೆಟ್ಟರೆ ಕನ್ನಡದ ಮಕ್ಕಳೆಲ್ಲರ ಪಾಲಿಗೆ ಆ ಅನುವಾದವೇ ಗತಿ.

"ಹೆದರಿಕೆ ಆಗ್ತದಾ ಟೀಚರೇ?" ಎಂದೆ.

"ನಿನ್ನದೊಂದೇ ಹೆದರಿಕೆ ಜಿತೇಂದ್ರ. ಅವಲಕ್ಕಿ ತಿಂದು ಮುಗಿಸ್ಬೇಡ."

ಮಕ್ಕಳೆಲ್ಲ ಅಂಗಳದಲ್ಲಿ ಒಂದೇ ಸಾಲಾಗಿ ನಿಂತರು. ಎಲ್ಲರೂ ಕೋಶಗಳು. ಮಾತಾಡುವುದಿದ್ದರೆ ಪಕ್ಕದವರ ಹತ್ತಿರ ಮಾತ್ರ. ಮೊದಲು ನಿಂತ ನಿಖಿತಾಳ ಕೈಯಲ್ಲಿ ಅವಲಕ್ಕಿಯ ಪಾತ್ರೆ. ಒಂದು ಹಿಡಿ ತೆಗೆದು ಮುಂದಕ್ಕೆ ಕೊಡಬೇಕು. ಪಾತ್ರೆ ತುಂಬಿ ಬಂದರೆ ನೀವು ತಲೆ, ತಲೆ ಮುಟ್ಟಿಕೊಳ್ಳಿ, ಅರ್ಧವಿದ್ದರೆ ಹೊಟ್ಟೆ, ತಳ ಕಂಡರೆ ಕಾಲು, ಕುಳಿತು ಪಾದ ಹಿಡಿಯಿರಿ. ದೇಲಂಪಾಡಿಯ ಬಸ್ಸಿಗೆ ಹೋಗುವವರನ್ನು ಸಾಲಿನ ಕೊನೆಗೆ, ಗೇಟಿನ ಬದಿಗೆ ನಿಲ್ಲಿಸಿದ್ದು ನನ್ನ ಬುದ್ಧಿ. ತರಗತಿ ಮುಗಿದೊಡನೆ ಓಡಲು ಅನುಕೂಲವಾಗಲಿ ಎಂದು.

ಮಾಷ್ಟ್ರು ತಡವಾಗಿ ಬಂದರು, ಬಸ್ಸು ಬೇಗ ಬಂತು. ಪಾತ್ರೆ ನಡುವಿಗೆ ಬರುವಷ್ಟರಲ್ಲಿ ಹಾರ್ನ್ ಕೇಳಿಸಿತು. ಅದು ತಪ್ಪಿದರೆ ಮುಂದಿನ ಬಸ್ಸು ಕತ್ತಲೆಗೆ. ಗೇಟಿನ ಬದಿಯ ಅರ್ಧ ಸಾಲು ಚೀಲ ಎತ್ತಿಕೊಂಡು ಓಡಿತು. ಹಿಂದಿನಿಂದ ನಾನೂ ಓಡಿದೆ.

"ಕುಂಞಣ್ಣ, ಒಂದು ಸ್ವಲ್ಪ ನಿಲ್ಲಿಸಿ. ಕಾಲು ಎಲ್ಲ ನಿಮ್ಮ ಬಸ್ಸಿನಲ್ಲಿ ಉಂಟು."

"ಯಾರ ಕಾಲು ಮಾರಾಯ?" ಡ್ರೈವರ್ ಕುಂಞಣ್ಣ ತಲೆ ಹೊರಗೆ ಹಾಕಿದರು.

"ಒಂದು ಮಗುವಿನದ್ದು. ಇನ್ನೂ ಹುಟ್ಟಿಲ್ಲ."

"ಹಾಗಾದ್ರೆ ಹುಟ್ಟಿದ ಮೇಲೆ ಮಾತಾಡುವ" ಎಂದು ಗೇರ್ ಹಾಕಿದರು.

ಟೀಚರ ಪಾಠವನ್ನು ನಾನೇ ಮಣ್ಣುಪಾಲು ಮಾಡಿದೆ ಎಂದುಕೊಳ್ಳುತ್ತ ಹಿಂದೆ ಬಂದೆ. ಅಂಗಳದಲ್ಲಿ ಉಳಿದದ್ದು ಒಂದು ತಲೆ, ಅರ್ಧ ಹೊಟ್ಟೆ. ಟೀಚರು ಕೈ ಹಿಂದೆ ಕಟ್ಟಿ ಸುಮ್ಮನೆ ನಿಂತಿದ್ದರು. ಸಾಲಿನ ಕೊನೆಯಲ್ಲಿ ಈಗ ಪೂಜಾಶ್ರೀ. ಅವಳು ಕೈಗೆ ಬಂದ ಪಾತ್ರೆ ನೋಡಿದಳು, ತಿರುಗಿ ಖಾಲಿ ಅಂಗಳ ನೋಡಿದಳು, ಪಕ್ಕದವಳ ಕಿವಿಯಲ್ಲಿ ಹೇಳಿದಳು:

"ನನ್ನ ಹಿಂದೆ ಯಾರೂ ಇಲ್ಲ ಮಾರಾಯ್ತಿ. ಅವಲಕ್ಕಿ ರಾಶಿ ಉಂಟು."

ಆ ಮಾತು ಕಿವಿಯಿಂದ ಕಿವಿಗೆ ನಿಖಿತಾಳವರೆಗೆ ಹೋಯಿತು. ಪಾತ್ರೆಯೂ ಅದರ ಹಿಂದೆಯೇ ಹೋಯಿತು, ತೆಗೆದ ಅವಲಕ್ಕಿಯನ್ನು ಎಲ್ಲರೂ ಅದಕ್ಕೇ ಹಾಕಿದರು. ಮತ್ತೆ ಹೊರಟಾಗ ಒಬ್ಬೊಬ್ಬರೂ ಹಿಡಿಯ ಬದಲು ಬೊಗಸೆ ತುಂಬ ತೆಗೆದರು. ತಲೆಯಾಗಿದ್ದ ಕೆಲವರು ಹೊಟ್ಟೆಯಾದರು, ಹೊಟ್ಟೆಯಾಗಿದ್ದವರು ಕುಳಿತು ಪಾದ ಹಿಡಿದರು. ಪೂಜಾಶ್ರೀಗೆ ಬಂದದ್ದು ಬರೀ ತಳ. ದೇಹ ಚಿಕ್ಕದಾಯಿತು, ಆದರೆ ಇಡಿಯಾಗಿತ್ತು.

"ಇದನ್ನು ಮೊದಲೇ ಹೇಳಿ ಕೊಟ್ಟದ್ದಾ ಟೀಚರೇ?" ಎಂದರು ಮಾಷ್ಟ್ರು.

"ಇಲ್ಲ. ಅವಳನ್ನೇ ಕೇಳಿ."

"ನೀನು ಕಾಲಾಗ್ಬೇಕು ಅಂತ ಯಾರು ಹೇಳಿದ್ದು ಮಗಾ?"

"ಯಾರೂ ಹೇಳ್ಲಿಲ್ಲ ಸರ್. ಪಕ್ಕದವಳಿಗೆ ಹೇಳಿದೆ, ಪಾತ್ರೆ ನೋಡಿದೆ, ಗೊತ್ತಾಯ್ತು."

ಟೀಚರು ಮಕ್ಕಳ ಕಡೆ ತಿರುಗಿದರು. ತಾಯಿಯ ಹೊಟ್ಟೆಯಲ್ಲಿ ಕೋಶಗಳ ರಾಶಿ ಎಳೆಯದಾಗಿರುವಾಗಲೇ ಎರಡು ಪಾಲಾದರೆ ಎರಡು ಅರ್ಧ ಮಕ್ಕಳು ಹುಟ್ಟುವುದಿಲ್ಲ. ಒಂದೊಂದು ಪಾಲೂ ತನ್ನೊಳಗೇ ಮಾತಾಡಿಕೊಂಡು ಇಡೀ ಮಗುವಾಗುತ್ತದೆ, ಒಂದೇ ರೂಪದ ಅವಳಿಗಳು ಬರುವುದು ಹಾಗೆ ಎಂದು ವಿವರಿಸಿದರು.

"ಇದು ನಿಮ್ಮ ಪಾಠದಲ್ಲಿ ಇಲ್ವಲ್ಲ" ಎಂದರು ಮಾಷ್ಟ್ರು.

"ಮಕ್ಕಳಿಗೆ ಕಷ್ಟ ಆಗ್ತದೆ ಅಂತ ಬಿಟ್ಟಿದ್ದೆ. ನಾನು ಅವರನ್ನು ಸಣ್ಣ ಮಾಡಿದ್ದು."

"ಸೇರಿಸಿ. ಪಾಠ ನಿಮ್ಮದೇ ಹೋಗ್ಲಿ."

ಮರುದಿನ ಟೀಚರು ಆ ಭಾಗವನ್ನು ತಾವೇ ಬರೆಯಲಿಲ್ಲ. ಪೂಜಾಶ್ರೀಯಿಂದ ಹೇಳಿಸಿ ಬರೆಸಿದರು. 'ಅರ್ಧ ಜನ ಹೋದರು. ಉಳಿದವರು ಪಕ್ಕದವರ ಹತ್ತಿರ ಮಾತಾಡಿದೆವು. ಮತ್ತೆ ಪೂರ್ತಿ ಆದೆವು.' ಮಾಷ್ಟ್ರು ಅಚ್ಚಿಗೆ ಕಳಿಸುವ ಮುನ್ನ ಅದನ್ನು ತುಸು ಗ್ರಾಂಥಿಕ ಮಾಡೋಣವೇ ಎಂದು ಫೋನು ಮಾಡಿದ್ದರು.

"ಬೇರೆ ಎಲ್ಲಿ ಬೇಕಾದ್ರೂ ತಿದ್ದಿ ಮಾಷ್ಟ್ರೇ. ಅದನ್ನು ಮುಟ್ಬೇಡಿ" ಎಂದರು ಟೀಚರು.

ಅವರು ಮುಟ್ಟಲಿಲ್ಲ.