ಹದಿನಾಲ್ಕು ದಿನದ ‘ಚಲೋ ಐತಿ’

ನಮ್ಮ ಓಣಿಗೆಲ್ಲ ಪೇಢೆ ಹಂಚಿ ಆದ ಮೇಲೆ ಗೊತ್ತಾಯಿತು, ಪೇಢೆ ಹಂಚುವಂಥದ್ದು ಇನ್ನೂ ಏನೂ ಆಗಿಲ್ಲ ಅಂತ.

ವಿಷಯ ಇಷ್ಟೇ. ಬೆಟಗೇರಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ, ಐವತ್ತೆರಡು ತುಂಬಿದ ನಾನು ಒಂದು ಮೊಬೈಲ್ ಆ್ಯಪ್ ಮಾಡಿದ್ದೆ. (ನಗಬೇಡಿ. ಈ ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಸಂಡಿಗೆ ಹಾಕುವಾಗ ನಾನು ವಿಡಿಯೊ ನೋಡಿ ಕೋಡಿಂಗ್ ಕಲಿತೆ. ಸಂಡಿಗೆಯನ್ನೂ ಅವರೇ ಕೊಟ್ಟರು.) ಅದನ್ನು ಫೋನಿನ ಆ್ಯಪ್ ಅಂಗಡಿಯಲ್ಲಿ ಇಡಬೇಕಾದರೆ ಮೊದಲು ಶುಲ್ಕ ಕಟ್ಟಿ ಡೆವಲಪರ್ ಮೆಂಬರ್ ಆಗಬೇಕು. ಒಂದು ಭಾನುವಾರ ಚಹಾ ಕುಡಿಯುತ್ತ ಫಾರ್ಮ್ ತುಂಬಲು ಕೂತೆ. ನಮ್ಮವರು ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಮೇಲ್ವಿಚಾರಣೆಗೆ ಕೂತರು.

ನೀವು ವ್ಯಕ್ತಿಯೋ, ಸಂಸ್ಥೆಯೋ ಎಂದು ಫಾರ್ಮ್ ಕೇಳಿತು.

‘ಸಂಸಾರಸ್ಥರು ಅಂತ ಇಲ್ಲೇನು?’ ಎಂದರು ನಮ್ಮವರು.

ಗುರುತಿನ ಚೀಟಿಯ ಫೋಟೊ, ವಿಳಾಸ ಎಲ್ಲ ಕೊಟ್ಟು, ಒಂದು ಸಾಧಾರಣ ಸೀರೆಗೆ ಆಗುವಷ್ಟು ದುಡ್ಡು ಕಟ್ಟಿದೆ. ಎರಡು ದಿನ ಬಿಟ್ಟು ಮೇಲ್ ಬಂತು: ಸ್ವಾಗತ, ನೀವೀಗ ಡೆವಲಪರ್! ನಾನು ಶಾಲೆಯಲ್ಲಿದ್ದೆ. ಖುಷಿಗೆ ಅದನ್ನು ನಮ್ಮವರಿಗೆ ಫಾರ್ವರ್ಡ್ ಮಾಡಿದೆ. ಸಂಜೆ ಮನೆಗೆ ಬಂದರೆ ಎರಡು ಕಿಲೋ ಪೇಢೆ ಖಾಲಿ. ಬಾಕ್ಸಿನ ಮೂಲೆಯಲ್ಲಿ ನನಗೊಂದು ಉಳಿದಿತ್ತು.

‘ರೀ, ಆ್ಯಪ್ ಇನ್ನೂ ಬಂದಿಲ್ಲ. ಬರೇ ಮೆಂಬರ್ ಆಗೇನಿ.’

‘ರೊಕ್ಕ ಕಟ್ಟಿದ್ದಾತಲ್ಲ? ಇನ್ನ ಬರೂದೇನೈತಿ?’

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ನಮ್ಮವರು ಹೊಲಿಸಿದ್ದಷ್ಟೇ ಅಲ್ಲ, ಮನೆಮನೆಗೆ ಹೋಗಿ ತೋರಿಸಿಯೂ ಬಂದಿದ್ದರು.

ಇಷ್ಟಕ್ಕೂ ಈ ವಯಸ್ಸಿನಲ್ಲಿ ನನಗೇಕೆ ಆ್ಯಪಿನ ಹುಚ್ಚು? ಕಾರಣ ರಜಿಯಾ, ಶಿರಹಟ್ಟಿಯ ಟೇಲರ್. ನಾನು ಆ ಊರಿನಲ್ಲಿ ಒಂಬತ್ತು ವರ್ಷ ಕಲಿಸಿದವಳು. ನನಗೆ ವರ್ಗವಾಯಿತು, ನನ್ನ ಬ್ಲೌಸುಗಳಿಗೆ ಆಗಲಿಲ್ಲ. ಇವತ್ತಿಗೂ ಬಸ್ ಹತ್ತಿ ಹೋಗಿ ಅವಳ ಹತ್ತಿರವೇ ಹೊಲಿಸುತ್ತೇನೆ. ಸುತ್ತಲಿನ ಹಳ್ಳಿಗಳ ಹೆಂಗಸರ ಅಳತೆಯೆಲ್ಲ ಅವಳ ಉದ್ದನೆಯ ನೋಟ್‌ಬುಕ್ಕುಗಳಲ್ಲಿದೆ. ಈಗ ಅವಳು ಲಕ್ಷ್ಮೇಶ್ವರದಲ್ಲಿ ಎರಡನೆಯ ಅಂಗಡಿ ತೆರೆಯುವವಳಿದ್ದಳು. ಅಲ್ಲಿ ಕೂರುವವಳು ಅವಳ ತಂಗಿ ಮುಮ್ತಾಜ್. ಇಷ್ಟು ವರ್ಷ ಅಕ್ಕನ ಅಂಗಡಿಯಲ್ಲಿ ಹುಕ್ಕು, ಕಾಜಾ ಮಾಡಿಕೊಂಡಿದ್ದವಳಿಗೆ ಮೊದಲ ಸಲ ತನ್ನದೇ ಕುರ್ಚಿ. ಅಂಗಡಿ ಎರಡಾಗಬಹುದು. ನೋಟ್‌ಬುಕ್ ಎರಡಾಗುವುದು ಹೇಗೆ?

‘ಗಿರಾಕಿ ಲಕ್ಷ್ಮೇಶ್ವರಕ್ಕ ಹೋದ್ರ ಅಳತಿ ಶಿರಹಟ್ಟ್ಯಾಗ ಕುಂತಿರ್ತೈತಿ ಅಕ್ಕೋರ’ ಎಂದಿದ್ದಳು ರಜಿಯಾ. ‘ಮುಮ್ತಾಜ್ ಹೊಸದಾಗಿ ಟೇಪ್ ಹಿಡದಳಂದ್ರ, ನಮ್ಮ ಅಳತಿ ನಿಮ್ಮಕ್ಕನ ಹಂತ್ಯಾಕ ಐತಿ, ಆಕಿ ಕಡೇನ ಹೊಲಸ್ತೀವಿ ಅಂತ ಎದ್ದ ಹೋಗ್ತಾರ. ಆಕಿ ಅಂಗಡಿ ನಡೀಬೇಕಲ್ರಿ?’

ಮದುವೆ ಹಂಗಾಮು ಶುರುವಾಗುವ ಮೊದಲು ಎರಡೂ ಅಂಗಡಿಯ ಫೋನಿನಲ್ಲಿ ಒಂದೇ ಅಳತೆ ಕಾಣುವ ಆ್ಯಪ್ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟೆ. ಮಾಡಿದೆ ಕೂಡ. ಮೊದಲು ಫೈಲನ್ನೇ ನೇರವಾಗಿ ಕಳಿಸಿದೆ. ‘ಇದು ಅಪಾಯಕಾರಿ ಇರಬಹುದು’ ಎಂದು ಮುಮ್ತಾಜಳ ಫೋನ್ ಎಚ್ಚರಿಸಿತು. ಅವಳು ಗಾಬರಿಯಾಗಿ ಫೋನ್ ಆಫ್ ಮಾಡಿ ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಳು. (ನೀರಿಗೆ ಬಿದ್ದ ಫೋನಿಗೆ ಮಾಡುವ ಉಪಚಾರ ವೈರಸ್ಸಿಗೂ ನಡೆದೀತು ಎಂಬ ಆಸೆ.) ಆ್ಯಪ್ ಅಂಗಡಿಯಿಂದಲೇ ಇಳಿಸಿಕೊಂಡರೆ ಈ ಹೆದರಿಕೆ ಇಲ್ಲ. ಅದಕ್ಕೇ ಮೆಂಬರ್‌ಷಿಪ್.

ಮೆಂಬರ್ ಆದ ಮೇಲೆ ನಿಯಮ ಓದಿದೆ. (ದುಡ್ಡು ಕಟ್ಟಿದ ಮೇಲೆ ನಿಯಮ ಓದುವುದು ನಮ್ಮೆಲ್ಲರ ಪದ್ಧತಿ, ನನ್ನೊಬ್ಬಳದಲ್ಲ.) ಹೊಸಬರು ಮಾಡಿದ ಆ್ಯಪನ್ನು ಹನ್ನೆರಡು ಜನ ಸತತ ಹದಿನಾಲ್ಕು ದಿನ ಪರೀಕ್ಷಿಸಬೇಕಂತೆ. ಅವರು ಏನು ಕೊರತೆ ಹೇಳಿದರು, ನೀವೇನು ತಿದ್ದಿದಿರಿ ಎಂದು ಬರೆದುಕೊಡಬೇಕಂತೆ. ಆಮೇಲೆಯೇ ಪ್ರವೇಶ.

ಹನ್ನೆರಡು ಜನಕ್ಕೇನು ಬರ? ಪೇಢೆ ತಿಂದವರೇ ನಲವತ್ತು ಜನ ಇದ್ದರಲ್ಲ! ಓಣಿಯವರು, ಸ್ಟಾಫ್‌ ರೂಮಿನವರು, ಮುಂಡರಗಿಯಲ್ಲಿರುವ ನಾದಿನಿ ಸರೋಜಾ, ಎಲ್ಲರನ್ನೂ ಸೇರಿಸಿ ಒಂದು ಗ್ರೂಪ್ ಮಾಡಿದೆ. ದಿನಾ ಬೆಳಿಗ್ಗೆ ಕೇಳುತ್ತಿದ್ದೆ: ಆ್ಯಪ್ ಹೇಗಿದೆ?

ಮೊದಲ ದಿನ, ‘ಚಲೋ ಐತಿ.’ ಎರಡನೆಯ ದಿನ, ‘ಭಾಳ ಚಲೋ ಐತಿ.’ ಮೂರನೆಯ ದಿನದಿಂದ ಕೈಮುಗಿದ ಚಿತ್ರಗಳು, ಹೂಗುಚ್ಛಗಳು. ನಮ್ಮ ಹೆಡ್‌ಮಾಸ್ತರು ‘ಶಾಲೆಗೇ ಹೆಮ್ಮೆ’ ಎಂದು ಬರೆದರು. ಸರೋಜಾ ಅಂತೂ ‘ವೈನಿ, ಏನ್ ಚಂದ ಮಾಡೀರಿ! ನಿಮ್ಮ ದೃಷ್ಟಿ ತಗೀಬೇಕು’ ಎಂದಳು. ಹದಿನಾಲ್ಕು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ವರದಿಯಲ್ಲಿ ಹೆಮ್ಮೆಯಿಂದ ಬರೆದೆ: ಯಾವ ಕೊರತೆಯೂ ಕಂಡುಬಂದಿಲ್ಲ.

ಅರ್ಜಿ ವಾಪಸು ಬಂತು. ಪರೀಕ್ಷಿಸಬೇಕಾದವರು ಆ್ಯಪನ್ನು ಸರಿಯಾಗಿ ಬಳಸಿಯೇ ಇಲ್ಲ, ಇನ್ನೂ ಹದಿನಾಲ್ಕು ದಿನ ಪರೀಕ್ಷೆ ಮಾಡಿಸಿ ಎಂದಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲೋ ಕೂತವರಿಗೆ ನಮ್ಮ ಮಂದಿಯ ಬಗ್ಗೆ ಏನು ಗೊತ್ತು? ಸರೋಜಾಗೆ ಫೋನ್ ಹಚ್ಚಿದೆ. ‘ನೋಡು, ನೀವು ಬಳಸೇ ಇಲ್ಲಂತ!’

ಆ ಕಡೆ ಸರೋಜಾ ದನಿ ತಗ್ಗಿಸಿದಳು.

‘ಖರೆ ಹೇಳ್ಲೆ ವೈನಿ? ನನ್ನ ಫೋನಿನ್ಯಾಗ ಅದು ಒಂದ್ ದಿನಾನೂ ತೆರೀಲಿಲ್ಲ.’

‘ಮತ್ತ ದಿನಾ ಚಲೋ ಐತಿ ಅಂತ ಬರದಿಯಲ್ಲ?’

‘ನೀವು ಅಷ್ಟು ಹೌಸಿಲೆ ಮಾಡೀರಿ. ತೆರೀವಲ್ದು ಅಂತ ಹೆಂಗ ಹೇಳೂದು?’

ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಹೆಡ್‌ಮಾಸ್ತರು ಮೊದಲ ಪುಟದ ಬಣ್ಣ ನೋಡಿ ಮೆಚ್ಚಿ ಅಲ್ಲಿಗೇ ಬಿಟ್ಟಿದ್ದರು. ಪಕ್ಕದ ಮನೆಯವರು ಮೊದಲ ದಿನವೇ ಫೋನಿನಲ್ಲಿ ಜಾಗ ಸಾಲದೆ ಅಳಿಸಿದ್ದರು. ಯಾರನ್ನು ಬೈಯಲಿ? ಉಪ್ಪಿಲ್ಲದ ಸಾರನ್ನು ಇನ್ನೊಂದು ಸೌಟು ಹಾಕಿಸಿಕೊಂಡು ಉಂಡು, ‘ಭಾಳ ರುಚಿ ಆಗೇತ್ರಿ’ ಎಂದು ಎದ್ದು ಬರುವ ಮಂದಿ ನಾವು. ಮಾಡಿದವರ ಮುಖ ನೋಡಿ ಮಾತಾಡುತ್ತೇವೆ, ಮಾಡಿದ್ದನ್ನು ನೋಡಿ ಅಲ್ಲ. ನಾನೇನು ಕಡಿಮೆಯೇ? ಸರೋಜಾ ಮಗಳ ಭರತನಾಟ್ಯ ನೋಡಿ ನಾನು ಆಡಿದ ಮಾತುಗಳು ನೆನಪಾದವು.

ಆದರೆ ಹಂಗಾಮು ಹತ್ತಿರ ಬಂದಿತ್ತು. ಲಕ್ಷ್ಮೇಶ್ವರದ ಅಂಗಡಿಗೆ ಬಣ್ಣ ಹಚ್ಚುತ್ತಿದ್ದರು. ಮುಖ ಸಣ್ಣದು ಮಾಡಿಕೊಂಡು ಶಿರಹಟ್ಟಿ ಬಸ್ ಹತ್ತಿದೆ.

ನನ್ನ ಕಥೆ ಕೇಳಿ ರಜಿಯಾ ಮಷೀನ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಷ್ಟರಲ್ಲಿ ಒಬ್ಬ ಹೆಂಗಸು ಹೊಸ ಬ್ಲೌಸ್ ಹಾಕಿಕೊಂಡು ಪರದೆಯ ಹಿಂದಿನಿಂದ ಬಂದಳು.

‘ಹೆಂಗ ಆಗೇತ್ರೆವಾ?’ ಎಂದು ಕೇಳಿದ್ದು ನಾನು, ಸುಮ್ಮನೆ.

‘ಭಾಳ ಚಲೋ ಆಗೇತ್ರಿ.’

ರಜಿಯಾ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ‘ಆ ಮ್ಯಾಲಿನ ಹಲಗಿ ಮ್ಯಾಲಿನ ಡಬ್ಬಿ ಒಂದೀಟು ತಗದ ಕೊಡ್ರೆವಾ’ ಎಂದಳು. ಹೆಂಗಸು ಕೈ ಎತ್ತಿದಳು. ಅರ್ಧಕ್ಕೇ ನಿಂತಳು.

‘ಅಯ್ಯ, ಕಂಕುಳಾಗ ಹಿಡೀತೈತ್ ನೋಡ್ರಿ!’

‘ಬಿಚ್ಚಿ ಕೊಡ್ರಿ. ಹತ್ತು ನಿಮಿಷ.’

ಅವಳು ಪರದೆಯ ಹಿಂದೆ ಹೋದ ಮೇಲೆ ನಾನು ಆ ಡಬ್ಬಿ ಇಳಿಸಿ ತೆರೆದು ನೋಡಿದೆ. ಒಳಗೆ ಒಂದು ಗುಂಡಿಯೂ ಇರಲಿಲ್ಲ.

‘ಹೆಂಗ ಐತಿ ಅಂತ ಕೇಳಬಾರ್ದು ಅಕ್ಕೋರ’ ಎಂದಳು ರಜಿಯಾ, ಹೊಲಿಗೆ ಬಿಚ್ಚುತ್ತ. ‘ಕೇಳಿದ್ರ ಮಂದಿ ಚಲೋ ಐತಿ ಅಂತಾರ. ಪಾಪ, ಅವರೇನ್ ಅನಬೇಕು? ಕೆಲಸ ಹೇಳಬೇಕು. ಎಲ್ಲಿ, ನಿಮ್ಮ ಆ್ಯಪ್ ಇಲ್ಲಿ ತರ್ರಿ.’

ನೋಟ್‌ಬುಕ್ ತೆರೆದು ಕೂತಳು. ಮೊದಲು ಹಮ್ಮಿಗಿ ಗಂಗವ್ವನ ಅಳತೆ. ಹದಿನಾಲ್ಕು ಮುಕ್ಕಾಲು ಇಂಚು.

‘ಮುಕ್ಕಾಲು ಎಲ್ಲಿ ಒತ್ತೂದು?’

‘ಪಾಯಿಂಟ್ ಎಪ್ಪತ್ತೈದು ಅಂತ ಒತ್ತು.’

‘ಟೇಪಿನ್ಯಾಗ ಪಾಯಿಂಟ್ ಎಪ್ಪತ್ತೈದು ಎಲ್ಲೈತ್ರಿ?’

ಇಪ್ಪತ್ತೆಂಟು ವರ್ಷ ಭಿನ್ನರಾಶಿ ಕಲಿಸಿದ ನಾನೇ ಫೋನ್ ಇಸಿದುಕೊಂಡು ಅದನ್ನು ಒತ್ತಿ ಸೇವ್ ಮಾಡಿದೆ. ಮುಂದೆ ಕಳಸಾಪುರ ಗಂಗವ್ವ. ಹೆಸರಿನ ಜಾಗದಲ್ಲಿ ಮತ್ತೆ ಗಂಗವ್ವ. ಮನೆತನದ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟಳು. ಊರಿನ ಮೇಲೆ ಗುರುತಿಟ್ಟುಕೊಂಡವರ ಅಡ್ಡಹೆಸರು ಯಾರಿಗೆ ಬೇಕು? ಸೇವ್ ಒತ್ತಿದಳು.

‘ಈಗ ಹಮ್ಮಿಗಿ ಗಂಗವ್ವ ಎಲ್ಲಿ?’

ಹುಡುಕಿದೆವು. ಹಮ್ಮಿಗಿ ಗಂಗವ್ವ ಇರಲಿಲ್ಲ. ಹೆಸರು ಒಂದೇ ಆದದ್ದರಿಂದ ಹೊಸ ಅಳತೆ ಹಳೆಯದನ್ನು ಅಳಿಸಿಹಾಕಿತ್ತು. ನಮ್ಮ ಸೀಮೆಯಲ್ಲಿ ಗಂಗವ್ವಂದಿರಿಗೆ, ನೀಲವ್ವಂದಿರಿಗೆ, ಫಾತಿಮಾಗಳಿಗೆ ಲೆಕ್ಕ ಉಂಟೇ? ಆ್ಯಪ್ ಹಾಗೆಯೇ ಒಪ್ಪಿಗೆಯಾಗಿದ್ದರೆ ಮದುವೆ ಹಂಗಾಮಿನಲ್ಲಿ ಅರ್ಧ ತಾಲ್ಲೂಕಿನ ಹೆಂಗಸರು ಇನ್ನರ್ಧ ತಾಲ್ಲೂಕಿನವರ ಬ್ಲೌಸ್ ಹಾಕಿಕೊಂಡು ಮುಮ್ತಾಜಳ ಅಂಗಡಿ ಮುಂದೆ ನಿಂತಿರುತ್ತಿದ್ದರು. ವಾಪಸು ಬಂದ ಆ ಅರ್ಜಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ತಿದ್ದಿದೆ. ಹೆಸರಿನ ಮೊದಲು ಊರು ಬಂತು. ಪಾವು, ಅರ್ಧ, ಮುಕ್ಕಾಲಿಗೆ ಮೂರು ಗುಂಡಿ ಬಂದವು. ಗ್ರೂಪಿನಲ್ಲಿ ‘ಹೇಗಿದೆ’ ಎಂದು ಕೇಳುವುದು ಬಿಟ್ಟೆ. ಇವತ್ತು ನಿಮ್ಮ ಮನೆಯ ಇಬ್ಬರ ಅಳತೆ ಹಾಕಿ, ನಾಳೆ ಒಂದನ್ನು ತಿದ್ದಿ, ನಾಡಿದ್ದು ಹುಡುಕಿ ತೆಗೆಯಿರಿ ಎಂದು ಹೋಮ್‌ವರ್ಕ್ ಕೊಟ್ಟೆ. ಕೊಡುವುದು ನನಗೆ ಹೊಸದೇನಲ್ಲ.

ಆಮೇಲೆ ನೋಡಬೇಕಿತ್ತು! ದೂರುಗಳ ಸುರಿಮಳೆ. ಸರೋಜಾಳ ಹಳೆಯ ಫೋನಿನಲ್ಲೂ ತೆರೆಯುವಂತೆ ಮಾಡಿದ್ದೇ ತಡ, ‘ವೈನಿ, ಅಕ್ಷರ ಇರಿವಿ ಅಷ್ಟಷ್ಟ ಅದಾವು, ಕಾಣವಲ್ವು’ ಎಂದಳು. ದೊಡ್ಡದು ಮಾಡಿದೆ. ಬಾಯಿ ಬಿಟ್ಟ ಹುರುಪಿನಲ್ಲಿ, ನನ್ನ ಶೇಂಗಾ ಹೋಳಿಗೆ ಹನ್ನೆರಡು ವರ್ಷದಿಂದ ಗಟ್ಟಿಯಾಗುತ್ತಿದೆ ಎಂಬುದನ್ನೂ ತಿಳಿಸಿದಳು. (ಅದನ್ನು ಇನ್ನೂ ತಿದ್ದಿಲ್ಲ.)

ಈ ಸಲದ ವರದಿ ನಾಲ್ಕು ಪುಟ ಆಯಿತು. ಕೊರತೆಗಳ ಪಟ್ಟಿ ಕಳಿಸುವಾಗ ಇಷ್ಟು ಸಂತೋಷ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕನೆಯ ದಿನ ಒಪ್ಪಿಗೆ ಬಂತು. ಸ್ಟಾಫ್‌ ರೂಮಿನಲ್ಲಿ ನಿಂತಲ್ಲೇ ಒಂದು ಸಲ ಕುಣಿದೆ. ಮೊಣಕಾಲು ಆಮೇಲೆ ಬೈದುಕೊಂಡಿತು.

ಲಕ್ಷ್ಮೇಶ್ವರದ ಅಂಗಡಿ ತೆರೆದ ದಿನ ನಾನೂ ಹೋಗಿದ್ದೆ. ಮೊದಲು ಬಂದವರು ವಯಸ್ಸಾದ ಒಬ್ಬರು. ಬ್ಲೌಸ್ ಪೀಸ್ ಕೊಟ್ಟು ಅನುಮಾನದಿಂದಲೇ ‘ನನ್ನ ಅಳತಿ ನಿಮ್ಮಕ್ಕನ ಕಡೆ ಐತೆವಾ’ ಎಂದರು. ಮುಮ್ತಾಜ್ ಫೋನ್ ತೆಗೆದಳು. ಊರು ಒತ್ತಿದಳು, ಹೆಸರು ಒತ್ತಿದಳು. ‘ತೋಳು ಒಂಬತ್ತೂವರೆ. ಕುತ್ತಿಗಿ ಹಿಂದ ಸಣ್ಣದು. ಖರೆ ಹೌದಲ್ರಿ?’

‘ಅಯ್ಯ ನಮ್ಮವ್ವ, ಎಲ್ಲಾ ಐತಲ್ಲ!’ ಎಂದು ಅವರು ಅಲ್ಲೇ ಸ್ಟೂಲಿನ ಮೇಲೆ ಕೂತರು. ಮುಮ್ತಾಜ್ ನನ್ನ ಕಡೆ ನೋಡಿ ನಕ್ಕಳು. ನನ್ನ ಕಣ್ಣು ತುಂಬಿ ಬಂದವು. ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಮರುದಿನ ಆ್ಯಪಿಗೆ ಮೊದಲ ರಿವ್ಯೂ ಬಂತು. ಕೊಟ್ಟವಳು ರಜಿಯಾ. ಐದಕ್ಕೆ ಮೂರು ಸ್ಟಾರ್!

‘ಏನ ರಜಿಯಾ, ಮೂರ ಏನು?’

‘ಐದೂ ಕೊಟ್ರ ನೀವು ಮತ್ತ ಅದಕ್ಕ ಕೈ ಹಚ್ಚೂದಿಲ್ಲ ಅಕ್ಕೋರ. ಉಳಿದ ಎರಡು ನನ್ನ ಹಂತ್ಯಾಕ ಅದಾವು. ನೀವು ರಿಪೇರಿ ಮಾಡಿದಂಗ ಕೊಡ್ತೀನಿ.’

ಕೇಳುವ ಮೊದಲೇ ಐದು ಸ್ಟಾರ್ ಕೊಡುವವರು ನನ್ನ ಓಣಿಯ ತುಂಬ ಇದ್ದಾರೆ, ನಿಮ್ಮ ಓಣಿಯಲ್ಲೂ ಇರುತ್ತಾರೆ. ಮೂರು ಕೊಟ್ಟು, ಉಳಿದೆರಡನ್ನು ನಿಮಗಾಗಿಯೇ ತೆಗೆದಿಟ್ಟುಕೊಂಡವರು ಒಬ್ಬರಾದರೂ ಇದ್ದಾರೆಯೇ?