ನಾಲ್ಕನೆಯ ಯಂತ್ರದ ಬಲಗಡೆಯ ಅಲಗು

ಅಚ್ಚಿನ ವಿದ್ಯೆಯಲ್ಲಿ ಹೆಸರು ಮಾಡಿದವರೆಲ್ಲ ಬಹುಮಟ್ಟಿಗೆ ಕಣ್ಣಿಗೆ ಕಾಣುವ ಕೆಲಸ ಮಾಡಿದವರು. ಅಂದವಾದ ಅಕ್ಷರ ಕೊರೆದವರನ್ನು ಜನ ಹೊಗಳುತ್ತಾರೆ, ಗಂಟೆಗೆ ಸಾವಿರಾರು ಹಾಳೆ ಉಗುಳುವ ಮುದ್ರಣಯಂತ್ರ ಕಟ್ಟಿದವರನ್ನು ಮೆಚ್ಚುತ್ತಾರೆ. ಆದರೆ ಸಾಲು ಎರಕ ಹೊಯ್ಯುವ ಯಂತ್ರದ ಒಳಗೆ, ಎರಡು ಪುಟ್ಟ ಉಕ್ಕಿನ ಅಲಗುಗಳ ನಡುವಿನ ಸಂದನ್ನು ಕೂದಲೆಳೆಯಷ್ಟೂ ಓರೆಯಾಗದಂತೆ ಮಾಡಿದವರನ್ನು ನೆನೆಯುವವರು ಆ ಯಂತ್ರದ ಮುಂದೆ ಕೂತು ಬೆವರು ಸುರಿಸಿದವರು ಮಾತ್ರ. ಶ್ರೀ ಕಾನ್ರಾಡ್ ವೆಂಡೆಲ್ ಅವರು ಈ ಎರಡನೆಯ ಬಗೆಯ ದೊಡ್ಡವರು. ಬಾಲ್ಟಿಮೋರಿನ ನಮ್ಮ ಸಂಜೆಪತ್ರಿಕೆಯ ಅಚ್ಚುಕೂಟದಲ್ಲಿ ಮೂವತ್ತು ವರ್ಷ ದುಡಿದು, ಯಂತ್ರಪಾಲಕರಾಗಿ ಹನ್ನೊಂದು ಯಂತ್ರಗಳನ್ನು ಸಾಕಿ ಸಲಹಿ, ಈ ಜೂನ್ ತಿಂಗಳಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ.

ಅಭಿನಂದನ ಸಮಿತಿಯವರು ನನ್ನ ಬಳಿ ಬಂದು, “ಎಮರಿ ಟಿಲ್ಡನ್ ಅವರೇ, ಅಭಿನಂದನ ಗ್ರಂಥಕ್ಕೆ ಅಲಗಿನ ಸುಧಾರಣೆಯ ಬಗ್ಗೆ ನೀವೇ ಬರೀಬೇಕು. ನಿಮ್ಮಷ್ಟು ಹತ್ತಿರದಿಂದ ಕಂಡವರು ಬೇರೆ ಯಾರಿದಾರೆ?” ಎಂದರು. ಯಾರೂ ಇಲ್ಲ, ನಿಜ. ನಾನೆಷ್ಟು ಹತ್ತಿರವಿದ್ದೆ ಎಂಬುದನ್ನು ಇಪ್ಪತ್ತೇಳು ವರ್ಷ ಬಾಯಿಬಿಟ್ಟು ಹೇಳಿಲ್ಲ. ಒಪ್ಪಿಕೊಂಡು ಮನೆಗೆ ಬಂದವನು ಮೂರು ವಾರ ಒಂದು ಸಾಲನ್ನೂ ಬರೆಯಲಿಲ್ಲ.

ಕೆಲಸದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ನಮ್ಮ ಯಂತ್ರ ಒಂದೊಂದು ಅಕ್ಷರದ ಮೊಳೆಯನ್ನು ಜೋಡಿಸುವುದಿಲ್ಲ; ಇಡೀ ಸಾಲನ್ನೇ ಕರಗಿದ ಸೀಸದಲ್ಲಿ ಎರಕ ಹೊಯ್ದು ಒಂದು ಪಟ್ಟಿಯಾಗಿ ಹೊರಗೆ ತಳ್ಳುತ್ತದೆ. ತಳ್ಳುವಾಗ ಆ ಬಿಸಿ ಪಟ್ಟಿ ಎರಡು ಅಲಗುಗಳ ನಡುವೆ ಹಾದು, ಇಕ್ಕೆಲಗಳಲ್ಲೂ ಹೆರೆಸಿಕೊಂಡು ಒಂದೇ ದಪ್ಪಕ್ಕೆ ಬರುತ್ತದೆ. ಎಡಗಡೆಯ ಅಲಗು ಅಲುಗುವುದಿಲ್ಲ. ಬಲಗಡೆಯದಕ್ಕೆ ಆಗೆಲ್ಲ ಮೇಲೊಂದು, ಕೆಳಗೊಂದು ತಿರುಪು ಇರುತ್ತಿತ್ತು. ಅಕ್ಷರದ ಗಾತ್ರ ಬದಲಿಸಿದಾಗಲೆಲ್ಲ ಎರಡನ್ನೂ ಕೈ ಅಂದಾಜಿನಲ್ಲಿ ತಿರುಗಿಸಿ ಸರಿದೂಗಿಸಬೇಕಿತ್ತು. ಒಂದು ತಿರುಪು ತುಸು ಹೆಚ್ಚಾದರೆ ಪಟ್ಟಿ ಒಂದು ತುದಿಯಲ್ಲಿ ದಪ್ಪವಾಗುತ್ತದೆ. ಒಂದು ಪಟ್ಟಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ನೂರೈವತ್ತು ಪಟ್ಟಿ ಒಂದರ ಕೆಳಗೊಂದು ಕೂತಾಗ ಅಂಕಣವೇ ಸೊಟ್ಟಗಾಗಿ, ತೆಳುವಾದ ಕಡೆ ಸಡಿಲ ಉಳಿಯುತ್ತದೆ.

ಹಾಗಾಗಿ ನಮ್ಮಲ್ಲಿ ಒಂದು ಕಟ್ಟಳೆಯಿತ್ತು: ಅಲಗಿನ ತಿರುಪನ್ನು ಯಂತ್ರಪಾಲಕರಲ್ಲದೆ ಬೇರೆ ಯಾರೂ ಮುಟ್ಟಕೂಡದು. ವೆಂಡೆಲ್ ಅವರು ಯಂತ್ರಗಳ ಜೊತೆಯಲ್ಲೇ, ೧೮೯೬ರಲ್ಲಿ ನಮ್ಮಲ್ಲಿಗೆ ಬಂದರು. ಎಣ್ಣೆ ಡಬ್ಬಿ ಹಿಡಿದು ಯಂತ್ರದಿಂದ ಯಂತ್ರಕ್ಕೆ ಓಡಾಡುತ್ತಿದ್ದರು. ಪಟ್ಟಿ ಬಿಸಿಯಾಗಿರುವಾಗ ಎಂದೂ ಅಳೆಯುತ್ತಿರಲಿಲ್ಲ. ಪುಟ ಕಟ್ಟುವ ಕಲ್ಲುಮೇಜಿನ ಮೇಲಿಟ್ಟು, ಪೈಪಿಗೆ ಹೊಗೆಸೊಪ್ಪು ತುಂಬಿ, ಪಟ್ಟಿ ಆರಿದ ಮೇಲೆ ಮೈಕ್ರೋಮೀಟರಿನಿಂದ ಎರಡೂ ತುದಿ ನೋಡುತ್ತಿದ್ದರು. ಕೈಯಿಂದ ಮೊಳೆ ಜೋಡಿಸಿ ಬೆಳೆದ ನಮ್ಮಂಥವರಿಗೆ ಇದು ನಗೆಪಾಟಲಿನ ವಿಷಯವಾಗಿತ್ತು. “ವೆಂಡೆಲ್ ಪಟ್ಟಿಗೆ ಹೆಸರಿಡೋ ಶಾಸ್ತ್ರ ಮಾಡ್ತಿದಾನೆ, ಸುಮ್ನಿರ್ರೋ” ಎಂದು ಛೇಡಿಸುತ್ತಿದ್ದೆವು. ನಮಗೆ ನಮ್ಮ ಹೆಬ್ಬೆರಳೇ ಅಳತೆಗೋಲು. ತೆಳುಗಾಗದದ ಒಂದು ಪದರ ಹೆಚ್ಚಿದ್ದರೂ ಬೆರಳಿಗೆ ಗೊತ್ತಾಗುತ್ತದೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆವು, ಮತ್ತು ಆ ಜಂಬದವರಲ್ಲಿ ನಾನೇ ಮುಂದು.

೧೮೯೯ರ ನವೆಂಬರಿನಲ್ಲಿ, ಚುನಾವಣೆಯ ಮರುದಿನ, ನಾನು ನಾಲ್ಕನೆಯ ಯಂತ್ರದಲ್ಲಿದ್ದೆ. ಗೆದ್ದವರ ಹೆಸರುಗಳನ್ನು ದೊಡ್ಡ ಗಾತ್ರದ ದಪ್ಪಕ್ಷರದಲ್ಲಿ ಹೊಯ್ಯಬೇಕಿತ್ತು; ಅಂದರೆ ಅಲಗನ್ನು ಸರಿಹೊಂದಿಸಬೇಕಿತ್ತು. ವೆಂಡೆಲ್ ಅವರು ಆಚೆ ತುದಿಯಲ್ಲಿ, ಒಂಬತ್ತನೆಯ ಯಂತ್ರದ ಅಡಿಯಲ್ಲಿ ಮಲಗಿ ಏನನ್ನೋ ಬಿಚ್ಚುತ್ತಿದ್ದರು. ಒಮ್ಮೆ ಕೂಗಿದೆ, ಗದ್ದಲದಲ್ಲಿ ಕೇಳಿಸಲಿಲ್ಲ. ಎದ್ದು ನಲವತ್ತು ಹೆಜ್ಜೆ ನಡೆಯಬೇಕಿತ್ತು. ನಡೆಯಲಿಲ್ಲ. ತಿರುಪುಳಿ ತೆಗೆದುಕೊಂಡು ಎರಡೂ ತಿರುಪುಗಳನ್ನು ನಾನೇ ತಿರುಗಿಸಿದೆ. ಹೊರಬಂದ ಮೊದಲ ಪಟ್ಟಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿ ಸರಿಯಾಗಿದೆ ಎಂದುಕೊಂಡೆ. ಬಿಸಿ ಸೀಸವನ್ನು ಮುಟ್ಟಿದ ಬೆರಳಿಗೆ ಬಿಸಿಯಲ್ಲದೆ ಬೇರೇನೂ ತಿಳಿಯುವುದಿಲ್ಲ ಎಂಬುದು ಆ ಕ್ಷಣ ನನಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಒಂದೂವರೆಗೆ ಮೊದಲ ಪುಟವನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದರು. ಅದು ಬಿಗಿಯಾದಂತೆ ಕಂಡಿತು. ಇಬ್ಬರು ಅದನ್ನು ಕಲ್ಲುಮೇಜಿನಿಂದ ಎತ್ತಿದ್ದೇ ತಡ, ನಡುವಿನ ಎರಡು ಅಂಕಣಗಳು ಝರ್ರನೆ ನೆಲಕ್ಕೆ ಸುರಿದವು. ಮೊಣಕಾಲೂರಿ ಎಲ್ಲರೂ ಸೀಸದ ಸಾಲುಗಳನ್ನು ಹೆಕ್ಕುತ್ತಿದ್ದಾಗ ಬೀದಿಯಲ್ಲಿ ಎದುರಾಳಿ ಪತ್ರಿಕೆ ಮಾರುವವರ ಕೂಗು ಕಿಟಕಿಯಿಂದ ಒಳಬರುತ್ತಿತ್ತು. ನಮ್ಮ ಪತ್ರಿಕೆ ಎರಡು ಗಂಟೆ ತಡವಾಗಿ ಹೊರಟಿತು.

ಅಂದೇ ಕೆಲಸ ಮುಗಿಯುತ್ತಲೂ ಚಾಪೆಲ್ ಸೇರಿತು. ಚಾಪೆಲ್ ಎಂದರೆ ಕೆಲಸಗಾರರ ಕೂಟ. ಹೆಸರು ಪ್ರಾರ್ಥನಾಮಂದಿರದ್ದಾದರೂ ಅಲ್ಲಿ ದೇವರ ಹೆಸರು ಬರುವುದು ಬೈಗುಳದಲ್ಲಿ ಮಾತ್ರ. ಅದಕ್ಕೊಬ್ಬ ಹಿರಿಯ, ಅದಕ್ಕೊಂದು ದಾಖಲೆ ಪುಸ್ತಕ. ಆಗಿನ ಹಿರಿಯ ಮಗ್ರೂಡರ್. ನಮ್ಮ ಫೋರ್‌ಮನ್ ಕೂಡ ಅವರೇ. ಮರದ ಸುತ್ತಿಗೆಯಿಂದ ಕಲ್ಲುಮೇಜು ಬಡಿದು ಕೇಳಿದರು:

“ನಾಲ್ಕನೇದರ ಅಲಗು ಓರೆಯಾಗಿದೆ. ಕೂರಿಸಿದ್ಯಾರಪ್ಪ? ಬಾಯಿಬಿಡಿ.”

ವೆಂಡೆಲ್ ನನ್ನ ಕಡೆ ನೋಡಿದರು. ಯಂತ್ರ ನನ್ನದು, ಅವರು ನೋಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಮಗ್ರೂಡರ್ ಕಡೆ ತಿರುಗಿ ಹೇಳಿದೆ: “ಅಲಗು ಮುಟ್ಟೋ ಅಧಿಕಾರ ಇರೋದು ವೆಂಡೆಲ್ ಅವರೊಬ್ಬರಿಗೇ ಅಲ್ವಾ, ಸಾರ್?”

ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸುಳ್ಳಾಡಿದ್ದರೆ ನಾಲಗೆ ತಡವರಿಸಿ ಸಿಕ್ಕಿಬೀಳುತ್ತಿದ್ದೆನೋ ಏನೋ. ನಿಜವನ್ನೇ ಆಡಿ ಒಬ್ಬ ಮನುಷ್ಯನನ್ನು ಹಾಳುಮಾಡಿದೆ. ವೆಂಡೆಲ್ ಅವರು ನನ್ನನ್ನೇ ನೋಡುತ್ತ ಮೆಲ್ಲಗೆ, “ಯಂತ್ರ ನನ್ನ ಸುಪರ್ದಿನಲ್ಲಿತ್ತು. ಅಷ್ಟು ಮಾತ್ರ ಹೇಳಬಲ್ಲೆ” ಎಂದರು.

ಚಾಪೆಲ್ಲಿನ ಪುಸ್ತಕದಲ್ಲಿ ಬರೆದದ್ದು ಇಂದಿಗೂ ಇದೆ: ‘ಕೆ. ವೆಂಡೆಲ್ ಅವರ ಅಲಕ್ಷ್ಯದಿಂದ ಮೊದಲ ಪುಟ ಬಿತ್ತು.’ ಅವರನ್ನು ಯಂತ್ರಗಳಿಂದ ತೆಗೆದು, ಹಳೆಯ ಪಟ್ಟಿಗಳನ್ನೂ ಹೆರೆದ ಚೂರುಗಳನ್ನೂ ಕರಗಿಸುವ ನೆಲಮಾಳಿಗೆಗೆ ಹಾಕಿದರು. ಅಲ್ಲಿ ಇಪ್ಪತ್ತೆರಡು ತಿಂಗಳು ಹನ್ನೊಂದು ದಿನ ಹೊಗೆ ಕುಡಿದುಕೊಂಡಿದ್ದರು. ಅವರ ಜಾಗಕ್ಕೆ ಚುರುಕು ಕೈಯವನು ಬೇಕಾಗಿತ್ತು. ನನ್ನನ್ನು ನೇಮಿಸಿದರು. ನಾನು ಬೇಡವೆನ್ನಲಿಲ್ಲ.

ಮೂರನೆಯ ದಿನ ಅವರು ಮಸಿ ಮೆತ್ತಿದ ಮುಖದಲ್ಲಿ ಮೆಟ್ಟಿಲು ಹತ್ತಿ ಬಂದು, ತಮ್ಮ ಮೈಕ್ರೋಮೀಟರನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿತ್ತರು. “ಇಟ್ಕೋ ಎಮರಿ. ಕೆಳಗಡೆ ಇದಕ್ಕೆ ಕೆಲಸ ಇಲ್ಲ. ಬಿಸಿ ಇರೋವಾಗ ಮಾತ್ರ ಅಳೀಬೇಡ ಕಣಯ್ಯ” ಎಂದರು. ಅಲಗನ್ನು ಸಾಣೆ ಹಿಡಿಯುವ ಬಗೆಯನ್ನು ಅರ್ಧ ಗಂಟೆ ನಿಂತು ಕಲಿಸಿದರು. ಆ ತಿಂಗಳ ಕೊನೆಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂದಾಗ ಶ್ರೀಮತಿ ವೆಂಡೆಲ್ ಅವರು ಎಂದಿನಂತೆ ನಮ್ಮ ಮನೆಗೆ ಒಂದು ಜಾಡಿ ಹುಳಿ ಬರಿಸಿದ ಎಲೆಕೋಸು ಕಳಿಸಿದರು. ನನ್ನ ಹೆಂಡತಿ ಅದನ್ನು ಹಬ್ಬದ ಟರ್ಕಿ ಕೋಳಿಯ ಪಕ್ಕದಲ್ಲೇ ಬಡಿಸಿ, “ಪಾಪ, ಈ ವರ್ಷವೂ ಮರೀಲಿಲ್ಲ ನೋಡಿ” ಎಂದಳು. ನಾನು ಅದನ್ನು ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಎದ್ದುಬಿಟ್ಟೆ.

ಈ ನಡುವೆ ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡಿದ್ದೆ. ಅಂದು ಅವರು ಹನ್ನೊಂದು ಯಂತ್ರಗಳನ್ನು ಎಷ್ಟೋ ಸಲ ಮುಟ್ಟಿದ್ದಾರೆ. ನಾಲ್ಕನೆಯದನ್ನೂ ತಾವೇ ಅವಸರದಲ್ಲಿ ಮುಟ್ಟಿರಬಹುದೆಂದು ನಂಬಿರಬೇಕು. ಅಂದರೆ, ಅಷ್ಟು ನಿಷ್ಠೆಯ ಮನುಷ್ಯ ತನ್ನ ಕೈಯನ್ನೇ ಅನುಮಾನಿಸುತ್ತಿದ್ದಾನೆ ಎಂಬ ಕಲ್ಪನೆಯೇ ನನ್ನ ನೆಮ್ಮದಿಯಾಗಿತ್ತು. ಇಂಥ ನೆಮ್ಮದಿಯಲ್ಲಿ ಒಬ್ಬನು ಎರಡು ವರ್ಷ ಹೇಗೆ ಉಂಡು ಮಲಗಿದ ಎಂದು ಈಗ ಯೋಚಿಸಿದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಅಲಗಿನ ಸುಧಾರಣೆ ಹುಟ್ಟಿದ್ದು ಆ ನೆಲಮಾಳಿಗೆಯಲ್ಲಿ. ಹೆರೆದ ಚೂರುಗಳೆಲ್ಲ ಕರಗಲೆಂದು ಅವರ ಬಳಿಗೇ ಬರುತ್ತಿದ್ದವು. ಬೇರೆಯವರಾಗಿದ್ದರೆ ಸಲಿಕೆಯಲ್ಲಿ ಎತ್ತಿ ಕೊಪ್ಪರಿಗೆಗೆ ಸುರಿಯುತ್ತಿದ್ದರು. ಅವರು ಯಂತ್ರವಾರು ಬೇರೆಬೇರೆ ಡಬ್ಬಿಗಳಲ್ಲಿ ತರಿಸಿ, ಬೆಳಕಿಗೆ ಹಿಡಿದು ನೋಡಿದರು. ಗಾತ್ರ ಬದಲಾದ ದಿನಗಳಲ್ಲಿ ಚೂರು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು. ಯಾವ ಯಂತ್ರವೂ ಇದಕ್ಕೆ ಹೊರತಲ್ಲ; ಅಂದರೆ ನಾನು ಪಾಲಕನಾಗಿದ್ದ ಹನ್ನೊಂದೂ ಯಂತ್ರಗಳು. ಎರಡು ತಿರುಪುಗಳನ್ನು ಬೇರೆಬೇರೆಯಾಗಿ ತಿರುಗಿಸುವವರೆಗೂ ಈ ತಪ್ಪು ತಪ್ಪದೆಂದು ಅವರು ಕಂಡುಕೊಂಡರು. ಸಿಗಾರ್ ಪೆಟ್ಟಿಗೆಯ ಮರದಲ್ಲಿ ಮೊದಲು, ಆಮೇಲೆ ಹಿತ್ತಾಳೆಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಬೆಣೆ ಮಾಡಿದರು. ಬಲಗಡೆಯ ಅಲಗು ಅದಕ್ಕೆ ಆತು ಕೂರುತ್ತದೆ. ಒಂದೇ ಹಿಡಿಕೆ ತಿರುಗಿಸಿದರೆ ಎರಡೂ ತುದಿ ಒಟ್ಟಿಗೆ ಸರಿಯುತ್ತವೆ. ಗಾತ್ರದ ಅಂಕಿಗೆ ಬಂದಾಗ ಹಿಡಿಕೆ ಟಕ್ಕೆಂದು ಕಚ್ಚಿಗೆ ಬೀಳುತ್ತದೆ. ಅಲಗಿಗಂಟಿದ ಚೂರನ್ನು ಪ್ರತಿ ಸಾಲಿಗೂ ಒರೆಸಿ ಹಾಕುವ ಪುಟ್ಟದೊಂದು ಒರಸುಗೋಲನ್ನೂ ಜೋಡಿಸಿದರು.

ಅದನ್ನು ಪರೀಕ್ಷೆಗೆ ತಂದು ಕೂರಿಸಿದ್ದು ನಾಲ್ಕನೆಯ ಯಂತ್ರಕ್ಕೇ. ಊಟದ ಬಿಡುವು, ನಾವಿಬ್ಬರೇ ಇದ್ದೆವು.

“ಕಣ್ಣು ಮುಚ್ಕೊಂಡು ತಿರುಗ್ಸು” ಎಂದರು.

ತಿರುಗಿಸಿದೆ. ಟಕ್ಕೆಂದಿತು. ಪಟ್ಟಿ ಹೊಯ್ದು, ಕಲ್ಲಿನ ಮೇಲೆ ಆರಿಸಿ, ಅವರದೇ ಮೈಕ್ರೋಮೀಟರಿನಲ್ಲಿ ಅಳೆದೆ. ಎರಡು ತುದಿಗೂ ಎಳ್ಳಷ್ಟು ವ್ಯತ್ಯಾಸವಿಲ್ಲ.

ಅವರು ಹಿಡಿಕೆಯ ಮೇಲಿನ ಎಣ್ಣೆ ಒರೆಸುತ್ತ, ನನ್ನ ಕಡೆ ನೋಡದೆ ಹೇಳಿದರು: “ಇನ್ಮೇಲೆ ಕೆಲಸದ ಅವಸರದಲ್ಲಿ ಯಾರು ಮುಟ್ಟಿದ್ರೂ ಚಿಂತೆ ಇಲ್ಲ, ಎಮರಿ. ಮುಟ್ಟಿದ್ದನ್ನ ಮುಚ್ಚಿಡೋ ಗತಿ ಯಾರಿಗೂ ಬರಲ್ಲ.”

ನನ್ನ ಎರಡು ವರ್ಷದ ಸಮಾಧಾನ ಅಲ್ಲಿಗೆ ಮುಗಿಯಿತು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ನಾನು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ಕಾಯುತ್ತಿದ್ದರು, ಅದೂ ನನಗೆ ತಿಳಿಯಿತು. ನಾನು ಹೇಳಿದ್ದು ಇಷ್ಟು: “ಹೌದು, ಬಹಳ ಒಳ್ಳೇದಾಯ್ತು.” ಹೇಳಿ ಕೈ ತೊಳೆಯಲು ಹೋದೆ.

ಆ ಬೆಣೆ ಹನ್ನೊಂದು ಯಂತ್ರಗಳಿಗೂ ಬಂತು. ಬೇರೆ ಅಚ್ಚುಕೂಟಗಳವರು ಬಂದು ನೋಡಿಕೊಂಡು ಹೋಗಿ ತಾವೂ ಮಾಡಿಸಿಕೊಂಡರು. ವೆಂಡೆಲ್ ಅವರು ಮೇಲಕ್ಕೆ, ತಮ್ಮ ಜಾಗಕ್ಕೆ ಮರಳಿದರು. ನಾನು ಮಾತ್ರ ಕೆಳಗಿಳಿಯಲಿಲ್ಲ, ಉಪ ಫೋರ್‌ಮನ್ ಆದೆ. ವರ್ಷ ವರ್ಷದ ಔತಣದಲ್ಲಿ ಮಗ್ರೂಡರ್ ಎದ್ದುನಿಂತು, “ಅವತ್ತು ನಾವು ಇವನನ್ನ ಕೆಳಗೆ ತಳ್ಳದೇ ಇದ್ದಿದ್ರೆ ಈ ಬೆಣೆ ಎಲ್ಲಿ ಹುಟ್ತಿತ್ರೋ? ನಮಗೇ ಹಾರ ಹಾಕ್ಬೇಕು!” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ವೆಂಡೆಲ್ ಅವರು ತಟ್ಟೆಯ ಏಡಿಯನ್ನು ಬಿಡಿಸುವುದರಲ್ಲಿ ಮುಳುಗಿರುತ್ತಿದ್ದರು. ಮಗ್ರೂಡರ್ ತೀರಿಕೊಂಡ ಮೇಲೆ ಚಾಪೆಲ್ಲಿನ ಹಿರಿಯರಾಗಬೇಕಾಗಿದ್ದವರು ವೆಂಡೆಲ್. ಹೆಸರು ಎತ್ತಿದಾಗ ಯಾರೋ ಪುಸ್ತಕ ತೆರೆದು ಆ ಒಂದು ಸಾಲನ್ನು ಓದಿದರು. ಹಿರಿಯನಾಗಿ ಆರಿಸಿ ಬಂದವನು ನಾನು. ಆ ಪುಸ್ತಕ ಇಂದು ನನ್ನ ಮೇಜಿನ ಖಾನೆಯಲ್ಲೇ ಇದೆ.

ಇದು ಅಭಿನಂದನ ಗ್ರಂಥ; ಇಲ್ಲಿ ಬರೆಯುವವನ ಪುರಾಣ ಸಲ್ಲದೆಂದು ಬಲ್ಲೆ. ಆದರೆ ಅವರ ಅಲಗಿನ ಕಥೆಯನ್ನು ನನ್ನನ್ನು ಬಿಟ್ಟು ಹೇಳಿದರೆ, ಅಂದಿನ ಆ ಮಾತಿನಂತೆ, ಇದೂ ಸುಳ್ಳಿಲ್ಲದ ಮೋಸವಾಗುತ್ತದೆ. ಬರುವ ಶನಿವಾರ ಚಾಪೆಲ್ ಕರೆದಿದ್ದೇನೆ. ಪುಸ್ತಕದ ಆ ಸಾಲಿನಲ್ಲಿ ಅವರ ಹೆಸರನ್ನು ಹೊಡೆದು ನನ್ನ ಹೆಸರನ್ನು ಬರೆದು, ಕೆಳಗೆ ರುಜು ಹಾಕಿ, ಹಿರಿಯನ ಸುತ್ತಿಗೆಯನ್ನು ಕಲ್ಲುಮೇಜಿನ ಮೇಲಿಟ್ಟು ಬರುತ್ತೇನೆ. ಈ ಗ್ರಂಥ ನಮ್ಮಲ್ಲೇ ಅಚ್ಚಾಗುತ್ತಿದೆ, ಸಾಲು ಹೊಯ್ಯುವುದು ನಾಲ್ಕನೆಯ ಯಂತ್ರ, ಅದರ ಅಲಗುಗಳನ್ನು ಈ ಕೊನೆಯ ವಾರದಲ್ಲೂ ಅವರೇ ನೋಡಿಕೊಳ್ಳುತ್ತಿದ್ದಾರೆ. ಎಂದ ಮೇಲೆ ಇದನ್ನು ಎಲ್ಲರಿಗಿಂತ ಮೊದಲು, ಸೀಸದಲ್ಲಿ, ತಲೆಕೆಳಗಾಗಿ ಓದುವವರು ಅವರು. ವೆಂಡೆಲ್ ಅವರೇ, ಬೇಡವೆನಿಸಿದರೆ ಇಡೀ ಲೇಖನವನ್ನು ಕೊಪ್ಪರಿಗೆಗೆ ಹಾಕಿಬಿಡಿ. ನಾನು ಕಾರಣ ಕೇಳುವುದಿಲ್ಲ. ನಿಮಗೂ ಶ್ರೀಮತಿಯವರಿಗೂ ಆಯುಸ್ಸು, ಆರೋಗ್ಯ ತುಂಬಿರಲಿ; ಮನೆಯ ಹಿತ್ತಿಲಿನ ಕೊಟ್ಟಿಗೆಯಲ್ಲಿ ಕೂರಿಸಿಕೊಂಡಿರುವ ಲೇತ್ ಯಂತ್ರದ ಮುಂದೆ ನಿಮ್ಮ ಕೈ ಇನ್ನೂ ಬಹುಕಾಲ ಆಡುತ್ತಿರಲಿ.

ಕರಡು ಬಂದ ಮೇಲೆ ಸೇರಿಸಿದ್ದು: ನಿನ್ನೆ ಮಧ್ಯಾಹ್ನ ಅವರೇ ಕರಡು ಹಿಡಿದು ನನ್ನ ಮೇಜಿಗೆ ಬಂದರು. ನಾನು ಎದ್ದು ನಿಂತೆ.

“ಕರಗಿಸಿಬಿಡೋಣವಾ?” ಎಂದೆ.

“ಯಾಕೆ? ಸಾಲೆಲ್ಲ ನೆಟ್ಟಗಿದಾವಲ್ಲ. ಒಂದೇ ಒಂದು ತಪ್ಪಿತ್ತು, ತಿದ್ದಿದೀನಿ” ಎಂದು ಹಾಳೆಯನ್ನಿಟ್ಟು ತಮ್ಮ ಯಂತ್ರಗಳ ಕಡೆ ಹೊರಟುಹೋದರು.

ಅವರು ನೆಲಮಾಳಿಗೆಯಲ್ಲಿದ್ದ ಕಾಲವನ್ನು ನಾನು ‘ಸುಮಾರು ಒಂದೂವರೆ ವರ್ಷ’ ಎಂದು ಬರೆದಿದ್ದೆ. ಅದನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಅಂಚಿನಲ್ಲಿ ತಮ್ಮ ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಇಪ್ಪತ್ತೆರಡು ತಿಂಗಳು ಹನ್ನೊಂದು ದಿನ. ಅದನ್ನು ಹಾಗೆಯೇ ಅಚ್ಚಿಗೆ ಕೊಟ್ಟಿದ್ದೇನೆ.