ಕ್ಯಾನು ಕಸಿದುಕೊಂಡ ಬಳಗ

ಆ ಸಂಜೆಯೂ ನನ್ನ ಗಂಡ ಎಮ್ಮೆ ಹಿಂಡಿ, ಕ್ಯಾನು ಹಿಡಿದು ಡೇರಿಗೆ ಹೋಗಿದ್ದರು. ಹಾಲು ಅಳೆಯುವ ಹುಡುಗನಿಗೆ "ಲೇ, ನಿನ್ನ ಮಷೀನಿಗೆ ಚಶ್ಮಾ ಹಾಕಸೋ" ಎಂದು ಬೈಯುವುದು, ಅವನು "ಕಾಕಾ, ಎಮ್ಮಿಗೆ ನೀರ ಕಡಿಮಿ ಕುಡಸ್ರಿ" ಎನ್ನುವುದು, ಸಾಲಿನವರು ನಗುವುದು. ದಿನವೂ ಇದೇ.

ಮರುದಿನ ಎದೆನೋವು. ಅಥಣಿಯ ಆಸ್ಪತ್ರೆಯಲ್ಲಿ ಹೃದಯ ಸೋತಿದೆ ಎಂದರು.

ಮನೆಗೆ ಬಂದ ಮೇಲೆ ಬಳಗದ ಪ್ರೀತಿ ಉಕ್ಕಿತು. ಮೈದುನ ಮಾಡಿದ ಮೊದಲ ಉಪಕಾರ, ಕ್ಯಾನು ಕಸಿದುಕೊಂಡದ್ದು. "ಅಣ್ಣಾ, ನೀ ಸುಮ್ಮ ಕುಂದರು." ಕುಳಿತರು. ಆಮೇಲೆ ಉಗಾರದಿಂದ, ಯಡೂರಿನಿಂದ ಟಂಟಂ ಆಟೋ ತುಂಬಿಕೊಂಡು ನೆಂಟರು ಬಂದರು, ಬಾಳೆಹಣ್ಣು ಹಿಡಿದುಕೊಂಡು. ಎದುರು ಕುಳಿತ ಇವರನ್ನು ಬಿಟ್ಟು ನನ್ನನ್ನು ಕೇಳುವರು: "ಗುರ್ತ ಹಿಡೀತಾರೇನ್ರಿ?" ಕೆಟ್ಟದ್ದು ಹೃದಯ, ಇವರು ಗುರುತು ಯಾಕೆ ಮರೆಯಬೇಕೋ! ಒಬ್ಬ ಅತ್ತೆ, "ನಮ್ಮ ಮಾವಗೂ ಹಿಂಗ ಆಗಿತ್ತ ನೋಡವಾ. ಒಮ್ಮಿಗೇ ಹೋಗಿಬಿಟ್ರು" ಎನ್ನುತ್ತ ಅವಲಕ್ಕಿ ಮುಗಿಸಿದಳು.

ಒಂದು ಮಧ್ಯಾಹ್ನ ಅಷ್ಟೂ ಜನರ ನಡುವೆ ಇವರೆಂದರು: "ಬದುಕೂದು ಸಾಕಾಗೇತಿ. ನಾನೇ ಜೀವಾ ಕಳಕೊಂಡ್ರ ನಿಮಗೂ ಹಗುರ."

"ಹಂಗ ಅನಬಾರದ್ರಿ" ಎಂದರು ನೆಂಟರು. ಆಮೇಲೆ ಕಬ್ಬಿನ ಮಾತಿಗಿಳಿದರು. ಒಬ್ಬರ ಗಂಟಲಲ್ಲೂ ಚಹಾ ಸಿಕ್ಕಿಕೊಳ್ಳಲಿಲ್ಲ.

ನಾನು ಡಾಕ್ಟರಿಗೆ ಹೇಳಿದೆ. ಅವರು ನೇರವಾಗಿ ಇವರನ್ನೇ ಕೇಳಿದರು: "ಜೀವ ಕಳಕೋಬೇಕ ಅನಸ್ತೈತೇನ್ರಿ?"

"ಹೌದ್ರಿ."

"ಯಾವಾಗಿಂದ?"

"ಡೇರಿ ಬಿಟ್ಟಾಗಿಂದ್ರಿ."

ಔಷಧಿ ಕೊಟ್ಟು, ಡೇರಿಯವರೆಗೆ ನಿಧಾನ ನಡೆಯಬಹುದು ಎಂದರು. ಮರುಸಂಜೆ ಸಣ್ಣ ಕ್ಯಾನೊಂದನ್ನು ಇವರ ಕೈಗಿಟ್ಟೆ. ಮೈದುನ ಕೂಗಾಡಿದ: "ದಾರ್ಯಾಗ ಬಿದ್ರ ಮಂದಿ ಏನಂತಾರ?" ಅವನಿಗೆ ಅಣ್ಣನಿಗಿಂತ ಮಂದಿಯ ಚಿಂತೆ. ನಾನು ಹಿಂದೆ ಹಿಂದೆ ನಡೆದೆ. ಡೇರಿಯ ಹುಡುಗ ದೂರದಿಂದಲೇ, "ಬರ್ರಿ ಕಾಕಾ! ಚಶ್ಮಾ ತಂದೀರೇನು?" ಎಂದ. ಇವರು ಬಾಯಿತುಂಬ ಬೈದರು.

ಜೀವ ಕಳೆದುಕೊಳ್ಳುವ ಯೋಚನೆ ಪೂರ್ತಿ ಹೋಗಲಿಲ್ಲ. ಬಂದಾಗ ನನಗೆ ಹೇಳುತ್ತಿದ್ದರು. ನಾನು ಕುಳಿತು ಕೇಳುತ್ತಿದ್ದೆ. ಚಳಿಗಾಲವೆಲ್ಲ ಡೇರಿಗೆ ಹೋದರು. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಒಂದು ಬೆಳಿಗ್ಗೆ ಹೃದಯ ತಾನಾಗಿಯೇ ನಿಂತಿತು.

ಅದೇ ಟಂಟಂ ಮತ್ತೆ ಬಂತು. "ಡೇರಿಗೆ ಕಳಸಬಾರದಿತ್ತು" ಎಂದು ನನಗೆ ಬುದ್ಧಿ ಹೇಳಿ, ಉಂಡು ಹೋದರು.

ಈಗ ಹಾಲು ನಾನೇ ಒಯ್ಯುತ್ತೇನೆ. ಆ ಹುಡುಗ ಸುಮ್ಮನೆ ಅಳೆಯುತ್ತಾನೆ. ಅವನನ್ನು ಬೈಯುವವರಿಲ್ಲ.